ಹಳೇ ಕಾರು, ಹೊಸ ಕಾರು, ನನ್ನ ಒಂದು ಕೂಗು

ಅದು ೧೯೮೬ನೇ ಇಸವಿ. ನನ್ನ ಗಂಡ ರಾಯಚೂರಿನಲ್ಲಿ ಒಬ್ಬ ಸಾಹುಕಾರರ ಬಾಡಿಗೆ ಕಾರು ಓಡಿಸುತ್ತಿದ್ದರು. ಹಳೇ ಕಾಲದ ಭಾರದ ಕಾರು, ಗೇರು ಸ್ಟೇರಿಂಗಿನ ಪಕ್ಕದಲ್ಲೇ. ಆ ವರ್ಷ ಸಾಹುಕಾರರು ಹೊಸ ಸಣ್ಣ ಕಾರು ತಂದು ಅಳಿಯನ ಕೈಗೆ ಕೊಟ್ಟರು.

ಮಾನ್ವಿ ಹತ್ತಿರದ ಬಯಲಿನಲ್ಲಿ ಡ್ರಮ್ಮುಗಳನ್ನಿಟ್ಟು, ಅವನ್ನು ಸುತ್ತಿ ಬರುವ ಕಾರಿನ ರೇಸು ಇಟ್ಟಿದ್ದರು. "ಎರಡೂ ಓಡಸ್ರಿ. ಗೆದ್ದದ್ದು ಇಟಗೋತೀನಿ, ಸೋತದ್ದು ಮಾರ್ತೀನಿ" ಎಂದರು ಸಾಹುಕಾರರು. ಹಳೇದು ಹೋದರೆ ಗಂಡನ ಕೆಲಸವೂ ಹೋದ ಹಾಗೆ.

"ಹೊಸದು ಹಗುರ ಅದ, ಗಕ್ಕನ ತಿರಗತದ. ನಮ್ಮದು ತಿರುವಿನ್ಯಾಗ ವಾಲ್ತದ. ಆದ್ರ ತಗ್ಗು ದಿನ್ನಿಗೆ ಅಂಜಂಗಿಲ್ಲ" ಎಂದರು ಗಂಡ.

"ನನ್ನ ಒಮ್ಮೆರ ಇಷ್ಟು ಹೊಗಳೀರೇನು?" ಎಂದೆ.

"ನೀ ಎಲ್ಲೂ ವಾಲಂಗಿಲ್ಲ ಬಿಡು."

ರೇಸಿನ ದಿನ ಅಲ್ಲಿ ಹೆಂಗಸು ನಾನೊಬ್ಬಳೇ. ಹೊಸ ಕಾರು ಇಲಿಯಂತೆ ಡ್ರಮ್ಮು ಸುತ್ತಿ ಬಂತು. ಇವರು ಹಿಂದಿನ ಚಕ್ರ ಬದಲಿಸುತ್ತಿದ್ದಾಗಲೇ ಸಾಹುಕಾರರು ಅವಸರ ಮಾಡಿದರು. ಇವರು ನಟ್ಟು ಪೂರ್ತಿ ಬಿಗಿಯದೆ ಹಾಗೇ ಹೊರಟರು. ಎರಡನೇ ಡ್ರಮ್ಮಿನ ಹತ್ತಿರ ಆ ಚಕ್ರ ಅಲ್ಲಾಡುವುದು ನನಗೆ ಕಂಡಿತು. ಮುಂದಿನ ತಿರುವಿನ ಪಕ್ಕ ಕಲ್ಲು ತೆಗೆದ ಆಳವಾದ ತಗ್ಗು.

"ರೀ, ನಿಂದ್ರಸ್ರಿ!" ಎಂದು ಕೂಗಿದೆ. ಎಲ್ಲರೂ ಕೂಗುತ್ತಿದ್ದರು, ಕೇಳಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಹದಿನಾರು ವರ್ಷ ನಾನೂ ಹೇಳಿರಲಿಲ್ಲ.

"ಮಲ್ಲಪ್ಪಾ! ನಿಂದ್ರಸೋ!"

ಕಾರು ಗಕ್ಕನೆ ನಿಂತಿತು. ಚಕ್ರ ಕಳಚಿ ತಾನೊಂದೇ ಉರುಳಿ ಹೋಗಿ ತಗ್ಗಿಗೆ ಬಿತ್ತು. ಜನ ಚಕ್ರ ನೋಡಲಿಲ್ಲ, ನನ್ನನ್ನು ನೋಡಿ ನಕ್ಕರು. "ಏ ಮಲ್ಲಪ್ಪಾ, ಹೇಣ್ತಿ ಕರಿಯಾಕತ್ತಾಳ, ಓಡಲೇ!"

ಇವರು ನನ್ನ ಕಡೆ ತಿರುಗಲೇ ಇಲ್ಲ. ಸಾಹುಕಾರರ ಜೊತೆ ಹೊಸ ಕಾರಿನಲ್ಲಿ ಹೋದರು. ನಾನು ಒಬ್ಬಳೇ ಬಸ್ಸು ಹತ್ತಿ ರಾಯಚೂರಿಗೆ ಬಂದೆ.

ಹಳೇ ಕಾರು ಮಾರಿದರು. ಇವರು ದೇವದುರ್ಗದಲ್ಲಿ ಲಾರಿಗೆ ಸೇರಿದರು. ವಾರಕ್ಕೊಮ್ಮೆ ಬರುವುದು, ಉಣ್ಣುವುದು, ಹೋಗುವುದು. ಮಾತಿಲ್ಲ. ಆರು ತಿಂಗಳಾದ ಮೇಲೆ ನಾನೇ ಕೇಳಿದೆ: "ಅವತ್ತು ಚಕ್ರ ಅಲ್ಲಾಡಿದ್ದು ಗೊತ್ತಾಗಿ ನಿಂತಿರೇನು?"

"ಇಲ್ಲ. ಸತ್ತ ನಮ್ಮವ್ವ ಕರದಂಗಾತು" ಎಂದು ಕೈ ತೊಳೆಯಲು ಎದ್ದರು.

ಅವರು ಮತ್ತೆ ಹನ್ನೊಂದು ವರ್ಷ ಬದುಕಿದರು. ರೇಸಿಗೆ ಹೊಸ ಕಾರೇ ಚಲೋ, ಅದನ್ನು ಒಪ್ಪುತ್ತೇನೆ. ಕೂಗಿದ್ದಕ್ಕೆ ಮಾತ್ರ ಇವತ್ತಿಗೂ ನಾಚಿಕೆಯಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಂದೇ ಒಬ್ಬಳಾಗುತ್ತಿದ್ದೆ. ಕೂಗಿದ್ದರಿಂದ ಸ್ವಲ್ಪ ತಡವಾಗಿ ಒಬ್ಬಳಾದೆ.