ಗಟ್ಟಿಗೆ ಹೆಸರು ಹುಡುಕಿದ ಸಾಕವ್ವತ್ತೆ

ಕೂಗಿ ನೋಡದ ಹೊರತು ನಮ್ಮ ಸಾಕವ್ವತ್ತೆ ಯಾವ ಹೆಸರನ್ನೂ ಒಪ್ಪುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಕೂಸು ಹುಟ್ಟಿ, ಇಂಥ ಹೆಸರು ಇಡಬೇಕೆಂದಿದ್ದೇವೆ ಎಂದು ಯಾರಾದರೂ ಹೇಳಿದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಹೋಗುವಳು. ದೂರದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವಂತೆ ಒಮ್ಮೆ ಗಟ್ಟಿಯಾಗಿ ಕೂಗುವಳು. ಆಮೇಲೆ ಮುಖ ಸಿಂಡರಿಸಿಕೊಂಡು, ಯಾರೋ ಧಣಿ ತನ್ನ ಆಳನ್ನು ಕರೆಯುವ ಧಾಟಿಯಲ್ಲಿ ಇನ್ನೊಮ್ಮೆ ಹೇಳಿ ನೋಡುವಳು. ಎರಡರಲ್ಲೂ ಪಾಸಾದರೆ ಮಾತ್ರ ಅದು ಹೆಸರು. "ಕೂಗಿದ್ರ ಹೊಲದ ಆ ಬದುವಿಗೆ ಮುಟ್ಟಬೇಕು, ಸೊಕ್ಕಿಲೆ ಕರದ್ರ ಕರದವನ ಬಾಯಾಗ ಹಿಡೀಬಾರದು," ಎನ್ನುತ್ತಿದ್ದಳು. ಇಷ್ಟು ಕಟ್ಟುನಿಟ್ಟಾದ ಪರೀಕ್ಷೆಯನ್ನು ನಾನು ಪಾಠ ಹೇಳುವ ಕಾಲೇಜಿನಲ್ಲೂ ಮಾಡಿಲ್ಲ.

ಸಾಕವ್ವ ನನ್ನ ಅಪ್ಪನ ಅಕ್ಕ. ದೇವದುರ್ಗದ ನಮ್ಮ ಕೇರಿಯಲ್ಲಿ ಮೂರನೆಯ ಹೆಣ್ಣಾಗಿ ಹುಟ್ಟಿದವಳು. ಹೆಣ್ಣು ಇನ್ನು ಸಾಕು, ಮುಂದಿನದು ಗಂಡಾಗಲಿ ಎಂದು ಹಿರಿಯರು ಆ ಹೆಸರಿಟ್ಟರು. ನಮ್ಮ ಕಡೆ ಅಂಥ ಹೆಸರು ಹೊತ್ತ ಹೆಂಗಸರು ಊರಿಗೊಬ್ಬರಾದರೂ ಸಿಗುತ್ತಾರೆ. ಮದುವೆಯಾಗಿ ಬಾಗಲವಾಡಕ್ಕೆ ಹೋದಳು. ಎತ್ತರದ ಆಳು, ಮುಂಗೈಗೆ ಬೆಳ್ಳಿ ಕಡಗ, ಬಾಯಲ್ಲಿ ಸದಾ ಎಲೆ ಅಡಿಕೆ. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳು ಗದ್ದೆಗೆ ಇಳಿಯದೆ ಉಳಿದವರು ಇಳಿಯುತ್ತಿರಲಿಲ್ಲ.

ಒಂದು ಸಂಗತಿ ನಾನು ಕಣ್ಣಾರೆ ಕಂಡದ್ದಲ್ಲ, ಅವಳ ಗುಂಪಿನವರು ಹೇಳಿದ್ದು. ಸಿರವಾರದ ಹತ್ತಿರ ಒಂದು ಗದ್ದೆಯಲ್ಲಿ ನಾಟಿ ನಡೆದಿತ್ತು. ಗದ್ದೆಯ ಯಜಮಾನ, ಅವಳ ಮಗನ ವಯಸ್ಸಿನವನು, "ಏ ಸಾಕಿ, ಇಲ್ಲಿ ಬಾ" ಎಂದು ಕರೆದನಂತೆ. ಅತ್ತೆ ಕೈಯಲ್ಲಿದ್ದ ಸಸಿಯ ಕಟ್ಟನ್ನು ಕೆಳಗಿಟ್ಟು, ಬದುವಿನ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚತೊಡಗಿದಳು. ಅವಳ ಹಿಂದೆ ಇಡೀ ಗುಂಪು ಬಂದು ಕೂತಿತು. ಯಾರೂ ಜಗಳ ತೆಗೆಯಲಿಲ್ಲ, ಬೈಯಲಿಲ್ಲ. ಕಿತ್ತಿಟ್ಟ ಸಸಿ ಬಿಸಿಲಿಗೆ ಬಾಡತೊಡಗಿತು. ಕೊನೆಗೆ ಅವನೇ ಹತ್ತಿರ ಬಂದು "ಸಾಕಮ್ಮಾ, ಏಳ್ರಿ" ಎಂದ ಮೇಲೆ ಎಲ್ಲರೂ ಎದ್ದರು. ಅಂದಿನಿಂದ ಆ ಸುತ್ತಿನ ಹೊಲಗಳಲ್ಲಿ ಅವಳು ಸಾಕಮ್ಮನಾದಳು.

ಹಾಗೆಂದು ಮುದ್ದಿನ ಹೆಸರುಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಇಟ್ಟವಳು ಅವಳೇ. ಆದರೆ ಅವು ಹೊಸ್ತಿಲು ದಾಟಬಾರದು. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ಮನೆಯಲ್ಲಿ ಕರೆಯುವ ಹಾಗೇ ಸಿದ್ದ ಎಂದು ಬರೆಸಲು ಹೊರಟಿದ್ದನಂತೆ. ಬಾಗಲವಾಡದಿಂದ ಬಂದ ಅತ್ತೆ ತಡೆದು, ಮಾಸ್ತರರ ಎದುರು ನಿಂತು ಸಿದ್ಧಾರ್ಥ ಎಂದು ಬರೆಸಿದಳು. ಸಿದ್ದ ಅನ್ನುವುದು ನಮಗೆ ಇರಲಿ, ಹೊರಗಿನವರು ಪೂರ್ತಿ ಹೆಸರು ಹಿಡಿದೇ ಕರೆಯಲಿ ಎಂಬುದು ಅವಳ ಕಾನೂನು. ಇಂದು ತರಗತಿಯಲ್ಲಿ ಹುಡುಗರು ನನ್ನನ್ನು ಸಿದ್ಧಾರ್ಥ ಸರ್ ಎಂದಾಗ ಆ ಕಾನೂನಿನ ಬೆಲೆ ನನಗೆ ತಿಳಿಯುತ್ತದೆ.

ನಮಗೆ ಎರಡನೆಯ ಮಗಳು ರಾಯಚೂರಿನ ಆಸ್ಪತ್ರೆಯಲ್ಲಿ ದಿನ ತುಂಬುವ ಮುಂಚೆ ಹುಟ್ಟಿದಳು. ಅಂಗೈ ಅಗಲದ ಕೂಸು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನನ್ನ ಹೆಂಡತಿ ಸುಜಾತಾ ಮಾನ್ವಿಯವಳು, ಸ್ವತಃ ನರ್ಸು. ಏನು ಬೇಕಾದರೂ ಆಗಬಹುದೆಂದು ಗೊತ್ತಿದ್ದ ಕಾರಣ ಅವಳ ಅಳು ನಿಲ್ಲುತ್ತಲೇ ಇರಲಿಲ್ಲ. ಸುದ್ದಿ ಕೇಳಿ ಬಸ್ಸು ಹತ್ತಿ ಬಂದ ಅತ್ತೆ, ಕೈ ತೊಳೆಸಿಕೊಂಡು ಒಳಗೆ ಹೋಗಿ, ಪೆಟ್ಟಿಗೆಯ ಕಿಂಡಿಯಲ್ಲಿ ಒಂದು ಬೆರಳು ಚಾಚಿದಳು. ಕೂಸು ಅದನ್ನು ಹಿಡಿದುಕೊಂಡಿತು. ಅತ್ತೆ ಹೊರಗೆ ಬಂದು ಸುಜಾತಾಳ ತಲೆ ಸವರಿ, "ಅಳಬ್ಯಾಡ ಯವ್ವಾ, ಗಟ್ಟಿ ಅದಾಳ," ಎಂದಳು. ಅಂದಿನಿಂದ ಕೂಸಿಗೆ ಗಟ್ಟಿ ಎಂಬುದೇ ಹೆಸರಾಯಿತು. ದಿನವೂ ಅತ್ತೆ ಬಾಗಿಲಲ್ಲಿ ನಿಂತು ಗಟ್ಟಿ ಹೆಂಗ ಅದಾಳ್ರಿ ಎಂದು ಕೇಳುವುದು, ಒಳಗಿನವರು ಗಟ್ಟಿ ಆರಾಮ ಅದಾಳ ಎನ್ನುವುದು. ಹಾಗೆ ಅನ್ನುತ್ತ ಅನ್ನುತ್ತ ಕೂಸು ಚೇತರಿಸಿಕೊಂಡು ಮನೆಗೆ ಬಂತು.

ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಗಟ್ಟಿಗೆ ಒಪ್ಪುವ ಹೆಸರೇ ಬೇಕು, ಬೇರೆ ಯಾವುದಾದರೂ ಒಂದು ಇಟ್ಟರೆ ನಡೆಯದು ಎಂದು ಅತ್ತೆ ಪಟ್ಟು ಹಿಡಿದಳು. ನಾನು ದೃಢಾ ಎಂದೆ. ಮಾಳಿಗೆ ಹತ್ತಿ ಕೂಗಿದಳು, ಪಕ್ಕದ ಮನೆಗೂ ಕೇಳಲಿಲ್ಲ. ಧೀರಾ ಎಂದಳು ಸುಜಾತಾ. ಧಣಿಯ ಧಾಟಿಯಲ್ಲಿ ಅದು ಧೀರಿಯಾಗಿ ಅಲ್ಲೇ ಮುರಿದು ಬಿತ್ತು. ವಜ್ರಾ ಕೇಳಿಸಿತು ಚೆನ್ನಾಗಿ, ಆದರೆ ಕಲ್ಮಲದಲ್ಲಿ ಆ ಹೆಸರಿನ ಎತ್ತೊಂದು ಇತ್ತಂತೆ, ಹಾಯುವ ಎತ್ತು.

ಆಗ ನಮ್ಮ ದೊಡ್ಡವ್ವ, ಅವ್ವನ ಅಕ್ಕ, ಮನೆಯಲ್ಲಿದ್ದಳು. ಕೆಟ್ಟವಳಲ್ಲ, ಹಳೆಯ ಕಾಲದವಳು. ಇಷ್ಟೊಂದು ಯಾಕೆ ಹುಡುಕುತ್ತೀರಿ, ಎರಡನೆಯದೂ ಹೆಣ್ಣೇ ಆಯಿತು, ಸಾಕವ್ವ ಎಂದೇ ಇಡಿ, ಅತ್ತೆಯ ಹೆಸರೂ ಉಳಿಯುತ್ತದೆ, ಮುಂದಿನದು ಗಂಡೂ ಆಗುತ್ತದೆ ಎಂದುಬಿಟ್ಟಳು. ಸುಜಾತಾ ಕೂಸನ್ನು ಎದೆಗೆ ಒತ್ತಿಕೊಂಡಳು. ಅತ್ತೆ ಮಾತ್ರ ಸಿಟ್ಟಾಗದೆ ಹೇಳಿದಳು:

"ನನಗ ಸಾಕು ಅಂತ ಇಟ್ರು, ಬೆನ್ನ ಹಿಂದ ಮತ್ತ ಹೆಣ್ಣ ಬಂತು. ಹೆಸರ ಕೇಳಿ ಯಾವ ಕೂಸೂ ಬಾಗಲದಿಂದ ತಿರಗಿ ಹೋಗೂದಿಲ್ಲಕ್ಕ. ಉಳಕೊಳ್ಳಾಕ ಇಷ್ಟು ಗುದ್ದಾಡಿ ಬಂದಾಳ ಈಕಿ. ಈಕಿಗೆ ಬಾ ಅನ್ನೂ ಹೆಸರ ಇಡಬೇಕು."

ದೊಡ್ಡವ್ವ ತಲೆ ಬಗ್ಗಿಸಿ, ಆಯಿತು ನಿನ್ನ ಮನಸ್ಸಿನಂತೆ ಆಗಲಿ ಎಂದಳು. ಅತ್ತೆ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಬುದ್ಧನ ಪಟ ನೋಡುತ್ತಿದ್ದವಳು, ಎತ್ತಿದ ಆ ಕೈಗೆ ಏನನ್ನುತ್ತಾರೆ ಎಂದು ನನ್ನನ್ನು ಕೇಳಿದಳು. ಅಭಯ, ಅಂಜಬೇಡ ಎಂದು ಹೇಳುವ ಕೈ ಅದು ಎಂದೆ. ಅತ್ತೆ ಮತ್ತೆ ಮಾಳಿಗೆ ಹತ್ತಿದಳು. "ಅಭಯಾ..." ಎಂದು ಅವಳು ಕೂಗಿದ್ದಕ್ಕೆ ಓಣಿಯ ಕೊನೆಯ ಕಿರಾಣಿ ಅಂಗಡಿಯವನು ಹೊರಗೆ ಬಂದು ನೋಡಿದ. ಧಣಿಯ ಧಾಟಿಯನ್ನು ಅಂದು ಅವಳು ಪ್ರಯತ್ನಿಸಲೇ ಇಲ್ಲ.

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನಗೆ ಅಕ್ಕತಂಗಿಯರಿಲ್ಲ, ಹಾಗಾಗಿ ನನ್ನ ಅತ್ತೆಯೇ ಬಗ್ಗಿದಳು. ಹೆಸರು ಹೇಳುವವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದುವ ರೂಢಿ ನಮ್ಮಲ್ಲಿದೆ. ಅವಳ ನಾಟಿಯ ಗುಂಪು ಬಾಗಲವಾಡದಿಂದ ಟಂಟಂ ಗಾಡಿ ಮಾಡಿಕೊಂಡು ಬಂದಿತ್ತು. ಇಷ್ಟು ವರ್ಷ ದುಡಿಸಿದ್ದಕ್ಕೆಲ್ಲ ಬಡ್ಡಿ ಸಮೇತ ಗುದ್ದಿದರು. ಅತ್ತೆ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

ಅವಳನ್ನು ಕೊನೆಯ ಸಲ ಕಂಡದ್ದು ಬಾಗಲವಾಡದಲ್ಲಿ. ಕಾಲು ಬಾತು ಮಂಚ ಹಿಡಿದಿದ್ದಳು. ಗಟ್ಟಿ ಆಗ ಒಂದನೆಯ ತರಗತಿ, ಕಂಡದ್ದಕ್ಕೆಲ್ಲ ಅರ್ಥ ಕೇಳುವ ವಯಸ್ಸು. ಮಂಚ ಹತ್ತಿ ಕೂತು, ನನ್ನ ಹೆಸರಿನ ಅರ್ಥ ಗೊತ್ತು, ನಿನಗೆ ಸಾಕವ್ವ ಅಂತ ಯಾಕಿಟ್ಟರು ಎಂದು ಕೇಳಿದಳು. ನಾನು ಮಾತು ತಪ್ಪಿಸಲು ಬಾಯಿ ತೆರೆದೆ. ಅತ್ತೆ ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಾಗಿಸಿದಳು.

"ನಾ ಹುಟ್ಟಿದಾಗ ನಮ್ಮಪ್ಪ ನನ್ನ ಮಾರಿ ನೋಡಿದ್ನಂತ," ಎಂದಳು. "ಇಂಥಾ ಮಗಳು ಬಂದ ಮ್ಯಾಲ ನನಗ ಮತ್ತೇನೂ ಬ್ಯಾಡ, ಇಷ್ಟ ಸಾಕು ಅಂದ್ನಂತ."

ಆ ಬೇಸಿಗೆಯಲ್ಲೇ ಅತ್ತೆ ತೀರಿಕೊಂಡಳು. ಗಟ್ಟಿ ಈ ಕಥೆಯನ್ನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ, ನಮ್ಮ ಮುತ್ತಜ್ಜನಿಗೆ ಮಗಳೆಂದರೆ ಅಷ್ಟು ಆಸೆ ಇತ್ತು ಎಂದು. ನಾನು ತಿದ್ದಲು ಹೋಗಿಲ್ಲ. ನಮ್ಮ ಮನೆಯ ಎಲ್ಲರ ಹೆಸರನ್ನೂ ಇಟ್ಟವಳು ಅವಳು, ತನ್ನದನ್ನೂ ಅವಳೇ ಇಟ್ಟುಕೊಂಡು ಹೋದಳು.