ದೀಪದ ಹೊತ್ತಿನ ಕಸದ ಗಾಡಿ

ನಿಮ್ಮ ಮನೆಯ ಲಕ್ಷ್ಮಿ ಕಸದ ಗಾಡಿ ಹತ್ತಿ ಹೊರಟುಹೋಗಿಲ್ಲ ತಾನೇ? ನಗಬೇಡಿ, ಒಮ್ಮೆ ಒಳಗೆ ಹೋಗಿ ನೋಡಿಕೊಂಡು ಬನ್ನಿ. ಅಷ್ಟರಲ್ಲಿ, ಮೊನ್ನೆಮೊನ್ನೆ ಕಲಿತ ಈ ಮೊಬೈಲಿನಲ್ಲಿ ಒಂಟಿ ಬೆರಳಿನಿಂದ ನಾನು ಮುಂದಿನ ವಾಕ್ಯ ಕುಟ್ಟಿರುತ್ತೇನೆ.

ನಾನು ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದ ಕಾಲದಲ್ಲಿ ಕಸಕ್ಕೆ ಇಷ್ಟೊಂದು ಮರ್ಯಾದೆ ಇರಲಿಲ್ಲ. ಸಿಪ್ಪೆ ಎಮ್ಮೆಗೆ, ಬೂದಿ ಪಾತ್ರೆಗೆ, ಎದುರುಮನೆಯಲ್ಲಿ ಗೊಂಬೆ ಕಡೆದು ಉಳಿದ ಮರದ ಹೊಟ್ಟು ನಮ್ಮ ಬಚ್ಚಲ ಒಲೆಗೆ. ಈಗಲಾದರೋ ಅದಕ್ಕೆ ಹಸಿರು ಬಕೆಟ್ಟು, ನೀಲಿ ಬಕೆಟ್ಟು, ಬೆಳಿಗ್ಗೆ ಹಾಡು ಹಾಕಿಕೊಂಡು ಬಾಗಿಲಿಗೇ ಬರುವ ವಾಹನ! ಆ ಹಾಡು ಕೇಳಿದರೆ, ಹಾಲಿನವನಿಗೂ ಏಳದ ನನ್ನ ಮಂಡಿಗಳು ತಾವಾಗಿಯೇ ಓಡುತ್ತಿದ್ದವು.

ಇಂಥ ಸುಖದ ನಡುವೆ ನಗರಸಭೆ ತೀರ್ಮಾನಿಸಿತು: ಹೊಸ ಬಡಾವಣೆಗೆ ಬೆಳಿಗ್ಗೆ ಗಾಡಿ, ನಮ್ಮ ಬೀದಿಗೆ ಸಂಜೆ. ಅದೂ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ! ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ ಲಕ್ಷ್ಮಿಯೂ ಅದರ ಹಿಂದೆಯೇ ಹೊರಡುತ್ತಾಳೆಂದು ನಂಬಿದ ಬೀದಿ ನಮ್ಮದು. ಮೊದಲೇ ಹೊರಗಿಟ್ಟರೆ ನಾಯಿಗಳಿಗೆ ಸಂತರ್ಪಣೆ. ಎದುರುಮನೆಯ ಫಾತಿಮಾಬಿಗೆ ಲಕ್ಷ್ಮಿಯ ಚಿಂತೆಯಿಲ್ಲ, ಆದರೆ ಅದು ಅವಳ ನಮಾಜಿನ ವೇಳೆ. ಹೀಗೆ ಸರ್ವಧರ್ಮ ಸಮನ್ವಯದಿಂದ ಗಾಡಿ ಖಾಲಿಯಾಗಿಯೇ ಹಿಂತಿರುಗತೊಡಗಿತು. ಹಲಸಿನ ಕಾಲ ಬೇರೆ, ಬೀದಿ ಗಬ್ಬೆದ್ದಿತು.

ಗಾಡಿಯ ಜೊತೆ ಬರುವ ಮಂಜುಳಾ ಒಂದು ದಿನ ಕೂಗಿ ಹೇಳಿದಳು: "ಹಿಂಗೇ ಕಸ ಕೊಡ್ದಿದ್ರೆ ಈ ಬೀದಿಗೆ ಗಾಡಿನೇ ನಿಲ್ಲುಸ್ಬುಡಿ ಅಂದವ್ರೆ ಆಫೀಸ್ನಲ್ಲಿ. ಆಮ್ಯಾಕೆ ನನ್ನ ಬಯ್ಬ್ಯಾಡಿ!"

ಕೂಡಲೇ ವಾರ್ಡಿನ ಸದಸ್ಯನಿಗೆ ಮೊಬೈಲಿನಲ್ಲಿ ಉದ್ದನೆಯ ಅಹವಾಲು ಕುಟ್ಟಿದೆ. ನನ್ನ ಕಾಗುಣಿತಕ್ಕೆ ಹೆದರಿದನೋ ಏನೋ, ಫೋನನ್ನೇ ಮಾಡಿದ. "ಇರೋದು ಒಂದೇ ಗಾಡಿ ಅಜ್ಜಿ, ಎಲ್ಲಿಗೆ ಅಂತ ಕಳುಸ್ಲಿ?"

ನ್ಯಾಯವಾದ ಮಾತು. ಸೂರ್ಯನೂ ನನ್ನ ಮಾತು ಕೇಳುವವನಲ್ಲ, ನಗರಸಭೆಯೂ ಕೇಳುವಂತಿಲ್ಲ; ಆದರೆ ಬೆಂಕಿಪೊಟ್ಟಣ ನನ್ನ ಕೈಯಲ್ಲಿದೆಯಲ್ಲ! ಗಾಡಿ ಹೋಗುವವರೆಗೆ ಯಾರೂ ದೀಪ ಹಚ್ಚಕೂಡದು, ಹಚ್ಚದಿದ್ದರೆ ಸಂಜೆಯೇ ಆಗಿಲ್ಲ ಎಂದು ಮನೆಮನೆಗೆ ಹೋಗಿ ಸಾರಿ ಬಂದೆ.

"ಏನಕ್ಕಾ, ದೇವ್ರಿಗೇ ಟೈಮ್‌ಟೇಬಲ್ ಹಾಕ್ಬುಟ್ರಾ!" ಎಂದು ನಕ್ಕ ಫಾತಿಮಾಬಿ, ತನ್ನ ಬಕೆಟ್ಟುಗಳನ್ನು ನನ್ನ ಸುಪರ್ದಿಗೆ ಒಪ್ಪಿಸಿ ನಮಾಜಿಗೆ ಹೋದಳು.

ಆ ಸಂಜೆಯ ಸಂಭ್ರಮ ನೀವು ನೋಡಬೇಕಿತ್ತು! ಮಬ್ಬುಗತ್ತಲಲ್ಲಿ ಬಾಗಿಲುಬಾಗಿಲಿಗೂ ಹೆಂಗಸರು; ಒಳಗೆ ಎಣ್ಣೆಯಲ್ಲಿ ನೆನೆದು ಕಾದ ಬತ್ತಿ, ಹೊರಗೆ ಕೈಯಲ್ಲಿ ಬಕೆಟ್ಟು. ಗಾಡಿ ಹಾಡುತ್ತಾ ಒಂದೊಂದೇ ಮನೆ ದಾಟಿದಂತೆ ಅದರ ಹಿಂದೆ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಾ ಬಂತು. ದೇವರ ಉತ್ಸವಕ್ಕೂ ನಮ್ಮ ಬೀದಿ ಇಷ್ಟು ಒಗ್ಗಟ್ಟಿನಿಂದ ದೀಪ ಹಚ್ಚಿದ್ದನ್ನು ನಾನು ಕಾಣೆ.

ಇಷ್ಟಾದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮರುಸಂಜೆ ಬಕೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ, ಲಕ್ಷ್ಮಿಯನ್ನು ನಾನು ಹೇಗೆ ಮನೆಯಲ್ಲೇ ಉಳಿಸಿಕೊಂಡೆನೆಂದು ಮಂಜುಳಾಗೆ ವಿಸ್ತಾರವಾಗಿ ವರ್ಣಿಸತೊಡಗಿದೆ. ಅವಳು ಬಕೆಟ್ಟಿನ ಇನ್ನೊಂದು ಅಂಚು ಹಿಡಿದು ಎಳೆದಳು.

"ನೀವು ಜಾಣ್ರು ಕಣಜ್ಜಿ. ನಿಮ್ಮನೆ ದೀಪ ನಮ್ ಗಾಡಿಗೆ ಕಾಯ್ತೈತೆ, ಸರಿ. ನಮ್ಮನೆ ದೀಪ ನಿಮ್ ಬಕೆಟ್ಗೆ ಕಾಯ್ತಾ ಕುಂತೈತೆ, ಒಸಿ ಬಿರ್ರನೆ ಬುಡಿ!"