ಎಪ್ಪತ್ತೆರಡು ಜೋಡಿ ಚಪ್ಪಲಿಯ ಕಾವಲು

ಬೆಳಗಿನ ಐದೂಮುಕ್ಕಾಲು. ಈ ಪುಟ್ಟ ದ್ವೀಪದೇಶದ, ಉಪ್ಪುನೀರಲ್ಲೇ ಬೇರುಬಿಟ್ಟ ಕಾಂಡ್ಲಾ ಕಾಡು, ಹಕ್ಕಿಗಳನ್ನು ನೋಡಲು ದೂರದೂರದಿಂದ ಬಂದ ಪ್ರವಾಸಿಗರು ದಡದಲ್ಲಿ ಚಪ್ಪಲಿ, ಬೂಟು ಕಳಚಿ, ಪ್ಯಾಂಟು ಮಡಚಿ, ಕಿಲಕಿಲ ನಗುತ್ತ ಪುಟ್ಟ ದೋಣಿಗಳನ್ನು ಹತ್ತುತ್ತಿದ್ದಾರೆ. ಎಲ್ಲರ ಕಣ್ಣೂ ನೀರಿನ ಮೇಲೆ. ಅರವತ್ತೊಂದು ದಾಟಿದ ಒಬ್ಬರ ಕಣ್ಣು ಮಾತ್ರ ಅವರೆಲ್ಲರ ಕಾಲಿನ ಮೇಲೆ.

ಅವರೇ ಜೋಡಿಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಆಸ್ಪತ್ರೆಯ ಚೀಟಿಯಲ್ಲಷ್ಟೇ ಉಳಿದಿದೆಯಂತೆ. ದೋಣಿಗಳು ಕಾಡು ಬಳಸಿ ಆಚೆ ದಡ ಸೇರಲು ನಾಲ್ಕು ತಾಸು ಬೇಕು. ಅಷ್ಟರಲ್ಲಿ ಇವರು ಕಳಚಿಟ್ಟ ಚಪ್ಪಲಿ, ಬೂಟುಗಳನ್ನೆಲ್ಲ ಕೈಗಾಡಿಗೆ ತುಂಬಿ, ಗುಡ್ಡ ಹತ್ತಿ ಇಳಿದು, ಅಲ್ಲಿನ ಹಲಗೆಯ ಮೇಲೆ ಜೋಡಿಸಿಡಬೇಕು. ಎರಡು ಕಿಲೋಮೀಟರ್ ದಾರಿ, ಇವತ್ತು ಎಪ್ಪತ್ತೆರಡು ಜೋಡಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಅವರ ಬಗ್ಗೆ ಬರೆಯಲು ಬಂದ ನಾನು ಕೊನೆಯ ದೋಣಿಯಲ್ಲಿ ಆಚೆ ದಡ ಮುಟ್ಟಿ ಅವರ ಪಕ್ಕ ಕೂರುತ್ತೇನೆ. ಬಂದವರು ತಂತಮ್ಮ ಚಪ್ಪಲಿ ಮೆಟ್ಟಿ ವಾಪಸು ಕರೆದೊಯ್ಯುವ ಲಾಂಚಿನತ್ತ ನಡೆಯುತ್ತಾರೆ. ಚಪ್ಪಲಿ ತಾನಾಗಿಯೇ ಗುಡ್ಡ ಹತ್ತಿ ಬಂತೇನೋ ಎಂಬಂತೆ, ಇವರತ್ತ ಯಾರೂ ತಿರುಗಿ ನೋಡುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

ಜೋಡಿಸುವುದಕ್ಕೂ ಒಂದು ಕ್ರಮವಿದೆ. ಅಮ್ಮನ ಪಕ್ಕ ಮಗುವಿನದು, ಗಂಡನ ಪಕ್ಕ ಹೆಂಡತಿಯದು. “ಜಗಳ ಆಡ್ಕೊಂಡು ಬಂದಿದ್ರೂ ಒಟ್ಟಿಗೇ ಇಡ್ತೀನಿ. ನಾಲ್ಕು ತಾಸು ಒಂದೇ ದೋಣೀಲಿ ಕೂತ್ರೆ ಸರಿಹೋಗಿರ್ತಾರೆ. ಒಂದ್ಸಲ ಮಾತ್ರ ಗುರುತೇ ಇಲ್ಲದ ಇಬ್ಬರನ್ನ ಗಂಡ ಹೆಂಡ್ತಿ ಅಂದ್ಕೊಂಡುಬಿಟ್ಟೆ. ಆಯಮ್ಮ ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

ಬುತ್ತಿ ತಂದ ಅವರ ಹೆಂಡತಿ ಸುಮ್ಮನಿರುವವರಲ್ಲ. “ಲೋಕದ ಚಪ್ಪಲಿಯೆಲ್ಲ ಗೊತ್ತು ಇವರಿಗೆ. ಕನ್ನಡಕ ಎಲ್ಲಿಟ್ಟೆ ಅಂತ ದಿನಾ ನನ್ನ ಕೇಳ್ತಾರೆ.”

ಆರು ವರ್ಷದ ಹಿಂದೆ ಒಂದು ದಿನ ಎಲ್ಲರೂ ಲಾಂಚು ಹತ್ತಿದ ಮೇಲೂ ಹಲಗೆಯ ಮೇಲೆ ಒಂದು ಜೋಡಿ ನೀಲಿ ಚಪ್ಪಲಿ ಉಳಿದಿತ್ತು. ಪ್ರವಾಸಿಗರ ಪಟ್ಟಿಯಲ್ಲಿ ಎಲ್ಲರ ಹೆಸರಿಗೂ ಬಂದರೆಂದು ಗೀಟು ಬಿದ್ದಿದೆ, ಯಾರೋ ಬರಿಗಾಲಲ್ಲೇ ಹತ್ತಿರಬೇಕು ಎಂದರು ಮಾರ್ಗದರ್ಶಿ. ಜೋಡಿಯಣ್ಣ ಲಾಂಚಿನ ಹಗ್ಗ ಬಿಡಲಿಲ್ಲ. “ಇಷ್ಟು ಚಿಪ್ಪು ಇರೋ ದಡಾನ ಬರಿಗಾಲಲ್ಲಿ ಯಾರು ದಾಟ್ತಾರೆ? ಬೈದ್ರೆ ಬೈಲಿ ಅಂತ ನಿಂತುಬಿಟ್ಟೆ.” ಹುಡುಕಿಕೊಂಡು ಹೋದವರಿಗೆ ಒಬ್ಬರೇ ಕೂತಿದ್ದ ದೋಣಿ ಮಗುಚಿದ್ದರಿಂದ ಕಾಂಡ್ಲಾ ಬೇರು ಹಿಡಿದು ನಿಂತಿದ್ದ ಹೆಂಗಸೊಬ್ಬರು ಸಿಕ್ಕರು. ಉಬ್ಬರದ ನೀರು ಎದೆಮಟ್ಟ ಬಂದಿತ್ತು.

ಮುಂದಿನ ತಿಂಗಳಿಂದ ಪ್ರವಾಸ ನಡೆಸುವ ಕಂಪನಿ ಎಲ್ಲರಿಗೂ ನೀರಲ್ಲೂ ಹಾಕಿಕೊಂಡಿರಬಹುದಾದ ರಬ್ಬರ್ ಬೂಟು ಕೊಡಲಿದೆ. ಹಲಗೆ ಬೇಡ, ಕೈಗಾಡಿ ಬೇಡ. ಜೋಡಿಯಣ್ಣನಿಗೆ ತೋಟದ ಕೆಲಸ. ಅದರ ಬಗ್ಗೆ ಅವರಿಗೆ ತಕರಾರಿಲ್ಲ, ಮಂಡಿನೋವಿಗೆ ಒಳ್ಳೆಯದೇ. ಬಂದವರ ಲೆಕ್ಕ ಮತ್ತೆ ಪಟ್ಟಿಯ ಪಾಲಾಗುತ್ತದಲ್ಲ ಎಂಬುದೇ ಕೊರಗು. “ಗೀಟು ಎಳೆಯೋ ಕೈ ಅವಸರದಲ್ಲಿ ತಪ್ಪುತ್ತೆ ಮೇಡಂ. ಹಲಗೆ ಮೇಲೆ ಉಳಿದದ್ದು ಕಣ್ಣಿಗೆ ಹೊಡೆಯುತ್ತೆ.”

ಹಾಗಾದರೆ ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಬುತ್ತಿಯ ಮುಚ್ಚಳ ತೆಗೆದವರು ಮತ್ತೆ ಮುಚ್ಚುತ್ತಾರೆ. “ಕೊನೇ ದೋಣಿ ಬರೋವರೆಗೂ ಇಲ್ಲಿ ಒಬ್ರು ಕೂತಿರಲಿ. ನಾನೇ ಆಗ್ಬೇಕು ಅಂತೇನಿಲ್ಲ.”

ಲಾಂಚು ಕೂಗುತ್ತದೆ. ಆದರೂ ಅವರು ಊಟಕ್ಕೆ ಕೈ ಹಾಕುತ್ತಿಲ್ಲ. ಯಾಕೆಂದು ನೋಡಿದರೆ, ಹಲಗೆಯ ಮೇಲೆ ಇನ್ನೂ ಒಂದು ಜೋಡಿ ಉಳಿದಿದೆ, ನನ್ನದೇ. ಮಾತಿನ ಭರದಲ್ಲಿ ಅರ್ಧ ತಾಸು ಬರಿಗಾಲಲ್ಲೇ ಕೂತಿದ್ದೇನೆ. ನಾಚಿಕೆಯಾಗಿ ಎದ್ದು ಮೆಟ್ಟಿಕೊಳ್ಳುತ್ತೇನೆ.

“ಆಯ್ತು, ಎಲ್ಲರೂ ಬಂದ್ರು,” ಎಂದು ಹೆಂಡತಿಗೆ ಹೇಳಿ ಜೋಡಿಯಣ್ಣ ಮೊದಲ ತುತ್ತು ಕಲಸುತ್ತಾರೆ.